ಮಕ್ಕಳ ಪಾಲಿನ ಲೆಕ್ಕ

“ಇದರಲ್ಲಿ ನಿಮ್ಮ ಪಾಲು ಎಷ್ಟು, ಮಕ್ಕಳ ಪಾಲು ಎಷ್ಟು ಎಂದು ಹೇಳುತ್ತೀರಾ?” ಎಂದು, ತೀರಿಹೋದ ಗಂಡನ ತೋಟದ ಒಂದು ತುಂಡನ್ನು ಮಾರಲು ಅನುಮತಿ ಕೇಳಿದ್ದ ನನ್ನ ಅಕ್ಕನ ಮಗಳನ್ನು ನ್ಯಾಯಾಧೀಶರು ಕೇಳಿದರು. ಅವಳು ಒಂದು ಕ್ಷಣ ವಕೀಲರ ಕಡೆ ನೋಡಿ, ಅವರು ಬಾಯಿ ತೆರೆಯುವ ಮೊದಲೇ, “ಹಾಗೆ ಬೇರೆ ಬೇರೆ ಮಾಡಿ ಮನೆಯಲ್ಲಿ ಯಾವತ್ತೂ ಲೆಕ್ಕ ಹಾಕಿಲ್ಲ ಸ್ವಾಮಿ” ಎಂದಳು. ನ್ಯಾಯಾಧೀಶರು ಕಡತದಿಂದ ತಲೆ ಎತ್ತದೆ, “ಮನೆಯಲ್ಲಿ ಹಾಕುವುದು ಬೇಡಮ್ಮ, ಇಲ್ಲಿ ಹಾಕಲೇಬೇಕು” ಎಂದರು. ಮುಂದಿನ ದಿನಾಂಕ ಕೊಟ್ಟರು, ಬೆಂಚ್ ಕ್ಲರ್ಕ್ ಇನ್ನೊಂದು ಪ್ರಕರಣದ ಹೆಸರು ಕೂಗಿಸಿದರು, ನಾವು ಕೊಡೆ ಹುಡುಕಿಕೊಂಡು ಹೊರಗೆ ಬಂದೆವು. ಸೋಮವಾರಪೇಟೆಯ ಬಸ್ಸಿನಲ್ಲಿ ಕುಳಿತ ಮೇಲೂ ಅವಳು ಮಾತನಾಡಲಿಲ್ಲ. ಮಾದಾಪುರ ದಾಟಿದ ಮೇಲೆ, “ನಾನೇನು ಮಕ್ಕಳದ್ದನ್ನು ಕದಿಯಲು ಹೋಗಿದ್ದೆನಾ ಚಿಕ್ಕಮ್ಮ?” ಎಂದು ಕೇಳಿದಳು.

ಅವಳ ಗಂಡ ತೀರಿಕೊಂಡಿದ್ದು ಕಳೆದ ವರ್ಷ. ಇಬ್ಬರು ಮಕ್ಕಳೂ ಇನ್ನೂ ಶಾಲೆಯಲ್ಲಿದ್ದಾರೆ. ತೋಟ ಅವನು ಸ್ವಂತ ದುಡಿಮೆಯಿಂದ ಕೊಂಡದ್ದು, ಪಹಣಿಯಲ್ಲಿ ಅವನೊಬ್ಬನದೇ ಹೆಸರಿತ್ತು. ಉಯಿಲು ಬರೆದಿರಲಿಲ್ಲ, ನಲವತ್ತರ ಆಸುಪಾಸಿನಲ್ಲಿ ನಮ್ಮ ಕಡೆ ಯಾರೂ ಬರೆಯುವುದಿಲ್ಲ, ಬರೆಯಲು ಹೇಳಿದವರನ್ನು ಅಪಶಕುನ ಎಂದು ದೂರವಿಡುತ್ತಾರೆ. ಉಳಿದದ್ದು ಸಹಕಾರ ಸಂಘದ ಬೆಳೆಸಾಲ. ಸತ್ತವನ ಸಾಲಕ್ಕೆ ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆಗಾರರು ಎಂಬುದು ನಿಜವಾದರೂ, ಇಲ್ಲಿ ಬಂದ ಆಸ್ತಿಯೇ ಆ ತೋಟವಾಗಿರುವುದರಿಂದ, ರಸ್ತೆಗೆ ತಾಗಿದ ಒಂದು ತುಂಡನ್ನು ಮಾರಿ ಸಾಲ ತೀರಿಸಿ ಉಳಿದದ್ದನ್ನು ಉಳಿಸಿಕೊಳ್ಳೋಣ ಎಂಬುದು ಅವಳ ಯೋಚನೆ. ಕೊಳ್ಳಲು ಬಂದವರು ಬೆಂಗಳೂರಿನವರು, ಹೋಂಸ್ಟೇ ಕಟ್ಟುವ ಉತ್ಸಾಹದವರು. ಅಂಥವರ ಬಗ್ಗೆ ನನಗೆ ಹೆಚ್ಚಿನ ಪ್ರೀತಿಯಿಲ್ಲ, ಆದರೆ ನ್ಯಾಯಾಲಯದ ಅನುಮತಿ ಇಲ್ಲದೆ ಮುಂಗಡವನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದವರು ಅವರೇ ಎಂಬುದನ್ನು ಒಪ್ಪಿಕೊಳ್ಳಬೇಕು. ಊರಿನವರು ಯಾರಾದರೂ ಕೊಂಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 8ನೇ ಕಲಮಿನ ಪ್ರಕಾರ, ತಂದೆಯಾಗಲಿ ತಾಯಿಯಾಗಲಿ, ಅಪ್ರಾಪ್ತ ಮಕ್ಕಳ ಸ್ಥಿರಾಸ್ತಿಯನ್ನು ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷ ಮೀರಿ ಗುತ್ತಿಗೆಗೆ ಕೊಡುವಂತಿಲ್ಲ. ಅನಿವಾರ್ಯ ಅಗತ್ಯವಿದ್ದರೆ ಅಥವಾ ಮಕ್ಕಳಿಗೆ ಸ್ಪಷ್ಟವಾದ ಪ್ರಯೋಜನವಿದ್ದರೆ ಮಾತ್ರ ನ್ಯಾಯಾಲಯ ಅನುಮತಿ ಕೊಡುತ್ತದೆ. ಅದನ್ನು ಮೀರಿ ಮಾರಿದರೆ ಆ ಮಾರಾಟವನ್ನು ಮಕ್ಕಳು ದೊಡ್ಡವರಾದ ಮೇಲೆ ಅಲ್ಲಗಳೆಯಬಹುದು. 2025ರ ಅಕ್ಟೋಬರಿನಲ್ಲಿ ದಾವಣಗೆರೆಯ ಶಾಮನೂರಿನ ನಿವೇಶನಗಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಗೆ ಅಲ್ಲಗಳೆಯಲು ದಾವೆ ಹೂಡಲೇಬೇಕೆಂದಿಲ್ಲ, ತಂದೆ ಅನುಮತಿಯಿಲ್ಲದೆ ಮಾರಿದ್ದ ನಿವೇಶನವನ್ನು ಮಗ ಪ್ರಾಪ್ತನಾದ ಮೇಲೆ ತಾನೇ ಬೇರೆಯವರಿಗೆ ಮಾರಿದರೆ ಅದೇ ಅಲ್ಲಗಳೆದಂತೆ ಎಂದು ಹೇಳಿತು. ಕೊಳ್ಳುವವರ ವಕೀಲರು ಅನುಮತಿಗೆ ಹಟ ಹಿಡಿಯುವುದು ಇದಕ್ಕೇ. ಅಪ್ರಾಪ್ತರ ಹಿತ ಕಾಯುವ ಕಾನೂನು ಕೆಲಸ ಮಾಡುವುದು ಬಹುಮಟ್ಟಿಗೆ ಕೊಳ್ಳುವವರ ಭಯದ ಮೂಲಕ ಎಂಬುದು ನನಗೆ ಹೊಸದಾಗಿ ಹೊಳೆದ ಸಂಗತಿ.

ಪಾಲಿನ ಲೆಕ್ಕವನ್ನು ವಕೀಲರು ಆಮೇಲೆ ಹೊರಗಿನ ಜಗಲಿಯಲ್ಲಿ ನಿಂತು ಬಿಡಿಸಿ ಹೇಳಿದರು. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ: ಹೆಂಡತಿ, ಮಗ, ಮಗಳು ಮತ್ತು ಅವನ ತಾಯಿ. ಅಲ್ಲಿಗೆ ನಾಲ್ಕು ಪಾಲು, ಎರಡು ಮಕ್ಕಳದ್ದು, ಅಂದರೆ ಅರ್ಧ ತೋಟ. ತಂದೆ ಬದುಕಿದ್ದರೂ ಅವರು ಎರಡನೆಯ ವರ್ಗದವರು, ಅವರಿಗೆ ಇಲ್ಲಿ ಪಾಲಿಲ್ಲ. ಮೂಲೆಯ ಬೆಂಚಿನ ಮೇಲೆ ಕಾಲು ನೋವೆಂದು ಕುಳಿತಿದ್ದ ಅವಳ ಅತ್ತೆ ಇದನ್ನು ಕೇಳಿ, “ನನಗೂ ಪಾಲಿದೆಯಾ?” ಎಂದು ನಿಜವಾದ ಬೆರಗಿನಿಂದ ಕೇಳಿದರು. ಎಪ್ಪತ್ತು ದಾಟಿದ, ಜೀವಮಾನವಿಡೀ ತೋಟದಲ್ಲೇ ದುಡಿದ ಹೆಂಗಸು. ಗಂಡನ ಮನೆಯಲ್ಲಾಗಲಿ ತವರಿನಲ್ಲಾಗಲಿ ಒಂದು ಗುಂಟೆಯೂ ತನ್ನ ಹೆಸರಿಗೆ ಬರದಿದ್ದವರಿಗೆ, ಮಗ ಹೋದ ಮೇಲೆ ಭೂಮಿ ಬಂದಿತ್ತು. ಆ ಬೆರಗಿಗೆ ನಗಬೇಕೋ ಅಳಬೇಕೋ ನಮಗೆ ತಿಳಿಯಲಿಲ್ಲ. ವಕೀಲರು ಮಾತ್ರ ನಕ್ಕರು. ಒಳ್ಳೆಯ ವಕೀಲರೇ, ಆದರೆ ಸಮಯ ನೋಡಿ ನಗುವ ಅಭ್ಯಾಸ ಅವರಿಗಿಲ್ಲ.

ಬಸ್ಸಿನಲ್ಲಿ ಅವಳು ಕೇಳಿದ ಪ್ರಶ್ನೆಗೆ ನಾನು ಏನೋ ಸಮಾಧಾನ ಹೇಳಿದೆ. ಆದರೆ ಆ ಸಂಭಾಷಣೆ ಅಂದಿನಿಂದ ನನ್ನ ತಲೆಯಲ್ಲಿ ಸುತ್ತುತ್ತಲೇ ಇದೆ. “ಮನೆಯಲ್ಲಿ ಬೇಡಮ್ಮ, ಇಲ್ಲಿ ಹಾಕಲೇಬೇಕು.” ಮೊದಲು ನೆನೆದಾಗ ಮಾತು ಒರಟೆನಿಸಿತು: ಗಂಡನ ಕಾಲದ ಕೆಲಸದವರ ಬಾಕಿಯನ್ನು ತನ್ನ ಬಳೆ ಮಾರಿ ಕೊಟ್ಟ ಹೆಣ್ಣಿಗೆ, ಮಕ್ಕಳ ಶುಲ್ಕ ಕಟ್ಟಿ ತಾನು ಹಳೆಯ ಚಪ್ಪಲಿಯಲ್ಲೇ ವರ್ಷ ಕಳೆದವಳಿಗೆ, ಮಕ್ಕಳ ಪಾಲು ಬೇರೆ ಎಂದು ತಿಳಿಹೇಳುವ ಅಗತ್ಯವಿತ್ತೇ? ಮತ್ತೆ ನೆನೆದಾಗ ಆ ಧ್ವನಿಯಲ್ಲಿ ಒರಟುತನವೇ ಇರಲಿಲ್ಲ ಎನಿಸಿತು. ನ್ಯಾಯಾಧೀಶರು “ಬೇಡಮ್ಮ” ಎಂದಿದ್ದರು. ಮನೆಯೊಳಗೆ ಹಾಗೆ ಲೆಕ್ಕ ಹಾಕದ ತಾಯಿ ಒಳ್ಳೆಯವಳೇ ಎಂದು ಒಪ್ಪಿಕೊಂಡೇ, ತಮ್ಮ ಕೆಲಸ ಬೇರೆ ಎಂದು ಅವರು ಹೇಳಿದ್ದರು. ಆ ಕಡತದಲ್ಲಿರುವ ತಾಯಿ ಒಳ್ಳೆಯವಳು ಎಂಬುದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಗೊತ್ತಿರುವಂತೆ ನಡೆದುಕೊಳ್ಳಲು ತೊಡಗಿದರೆ ಮುಂದಿನ ಕಡತದ ಮಕ್ಕಳ ಗತಿ ಏನು?

ಅವಳನ್ನು ಇದಕ್ಕಿಂತ ಮೊದಲೇ ನೋಯಿಸಿದ್ದು ಪತ್ರಿಕಾ ಪ್ರಕಟಣೆ. ನಾಮನಿರ್ದೇಶನ ಇಲ್ಲದ ಒಂದು ಉಳಿತಾಯ ಖಾತೆಗಾಗಿ ವರ್ಷದ ಆರಂಭದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಡಿ ವಾರಸಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೆವು. ನ್ಯಾಯಾಲಯದ ಪಟ್ಟಿಯಲ್ಲಿ ಅದು ‘ಪಿ ಅಂಡ್ ಎಸ್‌ಸಿ’ (ಪ್ರೊಬೇಟ್ ಮತ್ತು ವಾರಸಾ ಪ್ರಮಾಣಪತ್ರದ ಪ್ರಕರಣ), ಮಾರಾಟದ ಅನುಮತಿಯ ಈಗಿನದು ‘ಜಿ ಅಂಡ್ ಡಬ್ಲ್ಯೂಸಿ’ (ಪೋಷಕರು ಮತ್ತು ಪಾಲಿತರ ಪ್ರಕರಣ). ಆ ಪ್ರಮಾಣಪತ್ರ ಬ್ಯಾಂಕಿನ ಹಣ, ಷೇರು, ಬರಬೇಕಾದ ಸಾಲಗಳಿಗೆ ಮಾತ್ರ. ಭೂಮಿಗೆ ಅದು ನಡೆಯದು, ಭೂಮಿಗೆ ನಾಡಕಚೇರಿಯ ವಂಶವೃಕ್ಷ, ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಎಂಬ ಬೇರೆಯೇ ದಾರಿ. ತಕರಾರಿದ್ದವರು ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗಬೇಕೆಂದು ಪತ್ರಿಕೆಯಲ್ಲಿ ಪ್ರಕಟವಾದ ದಿನ, ಗಂಡನ ಹೆಸರು, ಅವಳ ಹೆಸರು, ಮಕ್ಕಳ ಹೆಸರು, ಖಾತೆಯಲ್ಲಿದ್ದ ಮೊತ್ತ ಎಲ್ಲವೂ ಊರಿನ ಚಹಾ ಅಂಗಡಿಯ ಮೇಜಿನ ಮೇಲಿತ್ತು. ಇಷ್ಟೇನಾ ಎಂದವರೂ ಇದ್ದರು, ಇಷ್ಟಿತ್ತಾ ಎಂದವರೂ ಇದ್ದರು. ದುಃಖದ ಮನೆಯ ಪೆಟ್ಟಿಗೆಯನ್ನು ಬೀದಿಯಲ್ಲಿ ತೆರೆದಿಟ್ಟಂತೆ ಅವಳಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ, ಗುಟ್ಟಾಗಿ ಆಗಿದ್ದರೆ ಯಾರಿಗೆ ಲಾಭವಾಗುತ್ತಿತ್ತು ಎಂದು ಯೋಚಿಸಿದರೆ, ಅವಳಂಥವರಿಗಂತೂ ಅಲ್ಲ. ಸದ್ದಿಲ್ಲದೆ ಖಾತೆ ಬದಲಾದ ಕಥೆಗಳು ನಮ್ಮ ಹೋಬಳಿಯಲ್ಲೇ ಬೇಕಾದಷ್ಟಿವೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಯ ಜೊತೆ ಕಾಗದಪತ್ರಗಳನ್ನೂ ಕಳೆದುಕೊಂಡ ಕುಟುಂಬಗಳಿಗೆ ಕೊನೆಗೆ ನೆರವಿಗೆ ಬರುವುದು ಕಚೇರಿಗಳಲ್ಲಿ ಉಳಿದಿರುವ ಪ್ರತಿಗಳೇ. ಅರ್ಜಿ ಕೊಟ್ಟರೆ ದೃಢೀಕೃತ ನಕಲು ಸಿಗುವ ದಾಖಲೆ ಬಡವನ ಕಬ್ಬಿಣದ ಬೀರುವಿಗಿಂತ ಗಟ್ಟಿ.

ಇಷ್ಟನ್ನು ಒಪ್ಪಿದ ಮೇಲೂ ನನಗೆ ಉಳಿದಿರುವ ಸಿಟ್ಟು ಬೇರೆ ಕಡೆಯದು. ನ್ಯಾಯಾಲಯ ತಾಯಿಯನ್ನು ಲೆಕ್ಕ ಕೇಳುತ್ತದೆ, ಸರಿ. ಹಾಗಾದರೆ ಕುಟುಂಬದ ಹಿರಿಯನನ್ನು ಯಾರು ಕೇಳುತ್ತಾರೆ? ಅದೇ 1956ರ ಕಾಯಿದೆಯ 6 ಮತ್ತು 12ನೇ ಕಲಮುಗಳು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅಪ್ರಾಪ್ತನಿಗಿರುವ ಪಾಲನ್ನು ಹೊರಗಿಡುತ್ತವೆ. ಆ ಆಸ್ತಿಯನ್ನು ಮನೆಯ ವಯಸ್ಕ ಸದಸ್ಯ ನೋಡಿಕೊಳ್ಳುತ್ತಿದ್ದರೆ ಅದಕ್ಕೆ ಸಾಮಾನ್ಯವಾಗಿ ಪೋಷಕರ ನೇಮಕವೂ ಇಲ್ಲ. ಕುಟುಂಬದ ಯಜಮಾನ ಮಾರಿದರೆ 8ನೇ ಕಲಮಿನ ಪೂರ್ವಾನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅಗತ್ಯವಿಲ್ಲದೆ ಮಾರಿದ ಎಂದು ಯಾರಿಗಾದರೂ ಅನಿಸಿದರೆ ಆ ಹುಡುಗನೇ ದೊಡ್ಡವನಾಗಿ ದಾವೆ ಹೂಡಿ ಜಗ್ಗಾಡಬೇಕು, ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದವರು ಬದುಕಿದ್ದರೆ ಅದೃಷ್ಟ. ಸ್ವಂತ ಮಕ್ಕಳ ಪಾಲನ್ನು ಮಾರುವ ತಾಯಿಗೆ ಮುಂಚಿತವಾಗಿಯೇ ಪರೀಕ್ಷೆ, ತಮ್ಮನ ಮಕ್ಕಳ ಪಾಲನ್ನು ಮಾರುವ ಅಣ್ಣನಿಗೆ ಮುಂಚಿತವಾಗಿಯೇ ನಂಬಿಕೆ.

ಕೊಡಗಿನಂಥ ಜಿಲ್ಲೆಯಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. 1899ರ ಕೂರ್ಗ್ ಭೂಕಂದಾಯ ನಿಬಂಧನೆಯಲ್ಲೂ ಜಾಗ ಪಡೆದ ಜಮ್ಮಾ ಹಿಡುವಳಿಗಳಲ್ಲಿ, ಅಂದರೆ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಭೂಮಿಯಲ್ಲಿ, ಕುಟುಂಬದ ಹಿರಿಯನಾದ ಪಟ್ಟೇದಾರನ ಹೆಸರು ಮುಂದಿರುತ್ತಿತ್ತು, ಉಳಿದ ಹಕ್ಕುದಾರರು ಅವನ ಹಿಂದೆ ನಿಲ್ಲುತ್ತಿದ್ದರು. ಕುಟುಂಬದ ಭೂಮಿ ಚೂರುಚೂರಾಗದೆ ಉಳಿದದ್ದು ಆ ಏರ್ಪಾಡಿನಿಂದಲೇ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಿಂದೆ ನಿಂತವರಲ್ಲಿ ವಿಧವೆಯರೂ ಮಕ್ಕಳೂ ಎಷ್ಟು ಮಂದಿ ಇದ್ದರು, ಅವರಿಗೆ ಕಾಫಿಯ ಹಣ ಎಷ್ಟು ಬಂತು ಎಂದು ಬರೆದಿಟ್ಟ ಪುಸ್ತಕ ಎಲ್ಲಿದೆ? ನಮ್ಮ ಮನೆಯದು ಜಮ್ಮಾ ಅಲ್ಲ, ಆದರೂ ಕಥೆ ಅದೇ. ನನ್ನ ತಂದೆ ತೀರಿಕೊಂಡಾಗ ನಾವು ಚಿಕ್ಕವರು. ದೊಡ್ಡಪ್ಪ ತೋಟ ನೋಡಿಕೊಂಡರು. ವರ್ಷಕ್ಕೊಮ್ಮೆ ಬಟ್ಟೆ ಬರುತ್ತಿತ್ತು, ಶಾಲೆಯ ಪುಸ್ತಕ ಬರುತ್ತಿತ್ತು, ಅಮ್ಮ ಅದನ್ನು ದೊಡ್ಡಪ್ಪನ ಔದಾರ್ಯವೆಂದು ಊರಿಗೆಲ್ಲ ಹೇಳುತ್ತಿದ್ದಳು. ಅವರು ಕೆಟ್ಟವರಾಗಿರಲಿಲ್ಲ. ನಮಗೆ ಬರಬೇಕಾದದ್ದರಲ್ಲಿ ಅದು ಎಷ್ಟನೆಯ ಒಂದು ಭಾಗ ಎಂದು ಕೇಳುವ ಧೈರ್ಯವಾಗಲಿ, ಕೇಳಬಹುದೆಂಬ ತಿಳಿವಳಿಕೆಯಾಗಲಿ ಅಮ್ಮನಿಗೆ ಇರಲಿಲ್ಲ, ಕೇಳುವ ಅಧಿಕಾರಿಯೂ ಇರಲಿಲ್ಲ. ಯಾವುದೋ ನ್ಯಾಯಾಧೀಶರು ಒಂದು ದಿನ ದೊಡ್ಡಪ್ಪನನ್ನು ನಿಲ್ಲಿಸಿ, ತಲೆ ಎತ್ತದೆಯೇ, “ಇದರಲ್ಲಿ ನಿಮ್ಮ ಪಾಲು ಎಷ್ಟು, ಮಕ್ಕಳ ಪಾಲು ಎಷ್ಟು?” ಎಂದು ಕೇಳಿದ್ದರೆ ಹೇಗಿರುತ್ತಿತ್ತು ಎಂದು ಈ ವಾರವೆಲ್ಲ ಊಹಿಸಿಕೊಂಡಿದ್ದೇನೆ. ಮಾಕುಟ್ಟ ದಾಟಿದರೆ ಸಿಗುವ ಕೇರಳದಲ್ಲಿ 1975ರ ಕಾಯಿದೆಯೊಂದು ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿ, ಪ್ರತಿಯೊಬ್ಬರ ಪಾಲನ್ನೂ ಗುರುತಿಸಿಬಿಟ್ಟಿತು. ಅಷ್ಟು ದೂರ ಹೋಗಬೇಕೆಂದು ನಾನು ಹೇಳುವುದಿಲ್ಲ. ಅಪ್ರಾಪ್ತರ ಪಾಲು ಇರುವಲ್ಲಿ ಮಾರುವವರು ಯಾರೇ ಆಗಿರಲಿ, ಪ್ರಶ್ನೆ ಒಂದೇ ಆಗಿರಲಿ ಎಂದಷ್ಟೇ ನನ್ನ ಬೇಡಿಕೆ.

ಈ ಮಾತು ಬರಲು ಇನ್ನೊಂದು ಕಾರಣ ಅವಳ ಬಾವ. ಅನುಮತಿಯ ಅರ್ಜಿಗೆ ತಕರಾರು ಸಲ್ಲಿಸುವುದಾಗಿ ಅವರು ಹೇಳಿಕೊಂಡು ತಿರುಗುತ್ತಿದ್ದಾರೆ. ತಮ್ಮನ ಮಕ್ಕಳ ಹಿತಕ್ಕಾಗಿ ಎಂಬುದು ಅವರ ಮಾತು. ಅದೇ ತಮ್ಮ ಮದುವೆಗೆ ಮುಂಚೆ ಇಟ್ಟಿದ್ದ ಠೇವಣಿಗೆ ನಾಮನಿರ್ದೇಶಿತರು ಇವರೇ, ಉತ್ತರಕ್ರಿಯೆಯ ತಿಂಗಳಲ್ಲೇ ಆ ಹಣ ಪಡೆದವರೂ ಇವರೇ. ನಾಮನಿರ್ದೇಶಿತನಿಗೆ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯುತ್ತದೆ, ಆದರೆ ಹಣ ಅವನದಾಗುವುದಿಲ್ಲ, ಅವನು ಅದನ್ನು ವಾರಸುದಾರರ ಪರವಾಗಿ ಪಡೆದವನು ಮಾತ್ರ. ವಿಮೆಯ ಹಣದ ವಿಷಯದಲ್ಲಿ 1984ರಲ್ಲಿ, ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತ್ತು. ತಕರಾರು ಬಂದರೆ ಆ ಠೇವಣಿಯ ಲೆಕ್ಕವನ್ನೂ ಕೇಳೋಣ, ಅದರಲ್ಲೂ ಮಕ್ಕಳದ್ದು ಅರ್ಧವಿದೆ ಎಂದು ವಕೀಲರು ಹೇಳಿದಾಗ ಅವಳು ಒಪ್ಪಲಿಲ್ಲ. “ಬೇಡ ಚಿಕ್ಕಮ್ಮ, ನಾಳೆ ಮಗಳ ಮದುವೆಗೆ ಅವರೇ ನಿಂತು ಧಾರೆ ಎರೆದು ಕೊಡಬೇಕಲ್ಲ” ಎಂದಳು. ಮಗಳು ಓದುತ್ತಿರುವುದು ಆರನೆಯ ತರಗತಿ.

ಮುಂದಿನ ದಿನಾಂಕಕ್ಕೆ ಅತ್ತೆಯ ಹೇಳಿಕೆ, ಸಂಘದಿಂದ ಸಾಲದ ಬಾಕಿಯ ಪತ್ರ, ಮಾರುವ ತುಂಡಿನ ಮಾರ್ಗಸೂಚಿ ಬೆಲೆಯ ದಾಖಲೆ ಕೊಡಬೇಕು. ಅನುಮತಿ ಸಿಕ್ಕಿದರೆ ಮಕ್ಕಳ ಪಾಲಿಗೆ ಉಳಿಯುವ ಹಣವನ್ನು ಅವರು ಹದಿನೆಂಟು ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡುವ ಷರತ್ತು ಬರಬಹುದು ಎಂದು ವಕೀಲರು ಹೇಳಿದ್ದಾರೆ, ಅದಕ್ಕೆ ಅವಳ ತಕರಾರಿಲ್ಲ. ಬಾವನ ಠೇವಣಿಯ ವಿಷಯದಲ್ಲಿ ನಾವಿಬ್ಬರೂ ಇನ್ನೂ ಒಂದು ಮಾತಿಗೆ ಬಂದಿಲ್ಲ. ಕೇಳಲೇಬೇಕು ಎಂದು ನಾನು, ಈಗ ಬೇಡ ಎಂದು ಅವಳು.