ಹಾಲು ಕೊಡದ ಕುದುರೆಯನ್ನು ಏಕೆ ಕಟ್ಟಿದ್ದೀರಿ?

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವಭಾಗದಲ್ಲಿ, ಕನ್ನಡ ಮಾತನಾಡುವ ನಮ್ಮಂಥ ಊರುಗಳಲ್ಲಿ, ಮನೆಯ ಮುಂದೆ ಪ್ರಾಣಿಯೊಂದನ್ನು ಕಟ್ಟಿದವನು ಅದರ ಲೆಕ್ಕವನ್ನು ಊರಿಗೆ ಒಪ್ಪಿಸಬೇಕಾಗುತ್ತದೆ. ಎಮ್ಮೆಯಾದರೆ ಡೇರಿಗೆ ಹಾಕಿದ ಹಾಲು, ಎತ್ತಾದರೆ ಹೂಡಿದ ಹೊಲ, ಆಡಾದರೆ ಸಂತೆಯಲ್ಲಿ ಬಂದ ಬೆಲೆ. ಕುದುರೆಗೆ ಅಂಥ ಲೆಕ್ಕವಿಲ್ಲ. ಆದ್ದರಿಂದ ಕನ್ನಡ ಶಾಲೆಯ ಮಾಸ್ತರನಾದ ನನ್ನನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮಾಸ್ತರ, ಹಾಲ ಕೊಡಂಗಿಲ್ಲ, ಹೊಲ ಹೂಡಂಗಿಲ್ಲ, ಮತ್ಯಾಕ ಕಟ್ಟೀರಿ?" ಮರಾಠಿ ಗೆಳೆಯರು ಇದನ್ನೇ ಇನ್ನೂ ಚಿಕ್ಕದಾಗಿ ಕೇಳುತ್ತಾರೆ: "ಫಾಯದಾ ಕಾಯ್, ಗುರೂಜಿ?"

ಸವಾರಿಗಾಗಿ ಎಂದು ಉತ್ತರಿಸಿದರೆ ಕೇಳಿದವರಿಗೆ ಸಮಾಧಾನವಾಗುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಕುದುರೆ ಸಾಕಿದವನು ದಿನದಲ್ಲಿ ಜೀನಿನ ಮೇಲೆ ಕೂರುವುದು ಒಂದು ಗಂಟೆಯಿದ್ದರೆ ಹೆಚ್ಚು. ಉಳಿದ ಹೊತ್ತೆಲ್ಲ ಅದರ ಹೊಟ್ಟೆ ಮತ್ತು ಗೊರಸುಗಳ ಚಾಕರಿಯಲ್ಲಿ ಕಳೆಯುತ್ತದೆ. ನಾನು ಕುದುರೆ ಕಟ್ಟಿರುವುದು ಆ ಚಾಕರಿ ನನಗೆ ಹಿಡಿಸಿರುವುದರಿಂದ. ಅದು ಹಿಡಿಸದವರು ಸವಾರಿಯ ಆಸೆಗೆಂದು ಕುದುರೆ ಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹೊಟ್ಟೆಯ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದನ ಸಾಕಿ ಪಳಗಿದ ನಮ್ಮವರು ಎಡವುವುದು ಇಲ್ಲಿಯೇ. ದನಕ್ಕೆ ನಾಲ್ಕು ಕೋಣೆಗಳ ಜಠರವಿದೆ. ಅದು ಗಬಗಬನೆ ತಿಂದು ಆಮೇಲೆ ಮೆಲುಕು ಹಾಕುತ್ತದೆ. ಕುದುರೆಯ ಜಠರ ಅದರ ಮೈಗಾತ್ರಕ್ಕೆ ಹೋಲಿಸಿದರೆ ಚಿಕ್ಕದು, ಮೇವಿನ ನಾರು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಆದ್ದರಿಂದ ಅದಕ್ಕೆ ಸ್ವಲ್ಪ ಸ್ವಲ್ಪವಾಗಿ, ದಿನವಿಡೀ, ರಾತ್ರಿಯೂ ಮೇವು ಸಿಗುತ್ತಿರಬೇಕು. ಮೈತೂಕದ ಸುಮಾರು ನೂರಕ್ಕೆ 2ರಷ್ಟು ಒಣಮೇವು ಎಂದು ಹಿಡಿದರೆ, 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 6 ಕಿಲೋ ಬೇಕು. ನೀರು 20 ಲೀಟರಿಗೆ ಕಡಿಮೆಯಾಗಬಾರದು, ಬೇಸಿಗೆಯಲ್ಲಿ ಅದು ಇನ್ನೂ ಹೆಚ್ಚು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಪ್ರೀತಿಯಿಂದ ಒಂದು ಬುಟ್ಟಿ ಜೋಳವನ್ನೋ ಹಬ್ಬದ ಹೋಳಿಗೆಯನ್ನೋ ಒಮ್ಮೆಲೆ ತಿನ್ನಿಸಿದರೆ ಒಳಹೋದದ್ದು ಹಿಂದಕ್ಕೆ ಬರುವ ದಾರಿಯಿಲ್ಲ. ಆಗ ಅದು ಕಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಬಿದ್ದು ಹೊರಳಾಡುತ್ತದೆ, ಲದ್ದಿ ಹಾಕುವುದನ್ನು ನಿಲ್ಲಿಸುತ್ತದೆ. ಈ ಹೊಟ್ಟೆಶೂಲೆಯಿಂದ ಕುದುರೆ ಸಾಯಬಹುದು. ನಮ್ಮ ಕಡೆಯ ಪಶುವೈದ್ಯರ ದಿನದ ಕೆಲಸವೆಲ್ಲ ಎಮ್ಮೆ, ಆಕಳುಗಳದು. ಕುದುರೆಯನ್ನು ಹೆಚ್ಚು ನೋಡಿದವರು ದೂರದಲ್ಲಿದ್ದಾರೆ. ಹೀಗಾಗಿ ಮುಂಜಾನೆ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ಲಾಯಕ್ಕೆ ಹೋಗಿ ಲದ್ದಿ ಎಷ್ಟು ಬಿದ್ದಿದೆ, ಗಟ್ಟಿಯಾಗಿದೆಯೋ ನೀರಾಗಿದೆಯೋ ಎಂದು ನೋಡುವುದು. ಹೊಸಬರಿಗೆ ಇದು ನಗೆಯ ವಿಷಯ.

ಮೇವಿನಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವೂ ಒಂದು ಅಪಾಯವೂ ಇವೆ. ಸೊಲ್ಲಾಪುರ, ಜತ್ತ, ವಿಜಯಪುರದ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಮಾಲದಂಡಿ ಜೋಳದ ಕಣಿಕೆ ಒಣಗಿದ ಮೇಲೆ ಒಳ್ಳೆಯ ಮೇವು. ಅದೇ ಜೋಳ ಎಳೆಯದಿದ್ದಾಗ, ಅದರಲ್ಲೂ ಮಳೆ ಕೈಕೊಟ್ಟು ಬಾಡಿ ಮತ್ತೆ ಚಿಗುರಿದಾಗ, ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ದನಗಳಿಗೆ ಇದು ತಗಲುತ್ತದೆಂದು ರೈತರಿಗೆಲ್ಲ ಗೊತ್ತಿದೆ. ಹಸಿ ಜೋಳವನ್ನು ದಿನಗಟ್ಟಲೆ ಮೇಯ್ದ ಕುದುರೆಗೆ ಹಿಂಗಾಲುಗಳ ಬಲ ಕುಂದಿ, ಮೂತ್ರ ಹಿಡಿತ ತಪ್ಪುವ ಬೇರೊಂದು ರೋಗವೂ ಬರುತ್ತದೆ. ಇದಕ್ಕಿಂತ ಕಾಣದಂತಿರುವ ಅಪಾಯ ಕೋಳಿ ಸಾಕಣೆಯ ಆಹಾರದ್ದು. ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕೋಳಿಗೆ ಒಳ್ಳೆಯದು, ಕುದುರೆಗೆ ಮಾತ್ರ ಸ್ವಲ್ಪ ಪ್ರಮಾಣದಲ್ಲಿಯೂ ಹೃದಯವನ್ನು ಕೆಡಿಸುವ ವಿಷ. ಮನೆಯಲ್ಲಿ ಕೋಳಿ ಆಹಾರದ ಚೀಲವಿದ್ದರೆ ಅದು ಗೋದಲಿಯಿಂದ ದೂರ, ಬಾಗಿಲು ಹಾಕಿದ ಕೋಣೆಯಲ್ಲಿರಲಿ.

ಇನ್ನು ಗೊರಸು. ಅದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಿ ನಾಲು, ಅಂದರೆ ಲಾಳ, ಬದಲಿಸಬೇಕು. ನಮ್ಮಲ್ಲಿ ನಾಲು ಬಡಿಯುವ ನಾಲಬಂದರು ಇದ್ದಾರೆ, ಆದರೆ ಅವರ ಕೈ ಪಳಗಿರುವುದು ಎತ್ತಿನ ಮೇಲೆ. ಎತ್ತಿನ ಗೊರಸು ಸೀಳಾಗಿರುವುದರಿಂದ ಅದಕ್ಕೆ ಬಿಡಿಬಿಡಿ ತಗಡುಗಳನ್ನು ಬಡಿಯುತ್ತಾರೆ, ಎತ್ತನ್ನು ನೆಲಕ್ಕೆ ಕೆಡವಿ ಕಾಲು ಕಟ್ಟಿಯೇ ಬಡಿಯುತ್ತಾರೆ. ಕುದುರೆಗೆ ಒಂದೇ ಬಿಲ್ಲಿನಾಕಾರದ ನಾಲು. ಅದು ನಿಂತಿರುವಾಗ, ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡು, ಮೊಳೆ ಒಳಗಿನ ಜೀವಂತ ಭಾಗಕ್ಕೆ ತಾಗದಂತೆ ಹೊರಗೋಡೆಯಲ್ಲಿಯೇ ಏರಿಸಿ ಬಡಿಯಬೇಕು. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದಂತೆ ನಾಲಬಂದರೂ ಕಡಿಮೆಯಾದರು. ಕುದುರೆಯ ಕೆಲಸ ಬಲ್ಲವನನ್ನು ಮಿರಜ ಕಡೆಯಿಂದ ಕರೆಸಬೇಕು. ಅವನು ಬರುವ ದಿನವೇ ನಮ್ಮ ಮನೆಯ ಉಳಿದ ಕೆಲಸಗಳ ದಿನವನ್ನು ಗೊತ್ತುಮಾಡುತ್ತದೆ.

ಇಷ್ಟೆಲ್ಲ ಕೇಳಿದವರು ಸುಖವೆಲ್ಲಿ ಎಂದು ಕೇಳುವುದು ಸಹಜ. ಸೂರ್ಯ ಹುಟ್ಟುವ ಮೊದಲು, ಬಿಸಿಲೇರುವ ಮುನ್ನ, ಗರಸು ನೆಲದ ಬಂಡಿದಾರಿಯಲ್ಲಿ ಸವಾರಿ ಹೋದಾಗ ಆಳೆತ್ತರದ ಜೋಳದ ತೆನೆಗಳ ಆಚೆಯ ಹೊಲಗಳೂ ಕಾಣುತ್ತವೆ. ಕಾಲ್ನಡಿಗೆಯಲ್ಲಿ ಇಲ್ಲವೇ ಮೋಟರ್‌ಸೈಕಲ್ಲಿನಲ್ಲಿ ಆ ನೋಟ ಸಿಗುವುದಿಲ್ಲ. ಆದರೆ ನನಗೆ ಹೆಚ್ಚಿನ ಸುಖ ಕುದುರೆ ಏನನ್ನು ಗಮನಿಸುತ್ತಿದೆಯೆಂದು ಅದರ ಕಿವಿಗಳಿಂದ ತಿಳಿಯುವುದರಲ್ಲಿದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನ ಬಹುಪಾಲು ಅದಕ್ಕೆ ಒಮ್ಮೆಗೇ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಬೇಲಿಯಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಕ್ಕೆ ಅದು ಬೆಚ್ಚುವುದನ್ನು ನೋಡಿ ನಗುವವರು, ಓಡಿ ಬದುಕಬೇಕಾದ ಪ್ರಾಣಿಗೆ ಅಲುಗಾಡುವ ಅಪರಿಚಿತ ವಸ್ತು ಎಂಥದೆಂಬುದನ್ನು ಯೋಚಿಸುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಎಳೆಯುತ್ತ, ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರುಗಳ ಪಕ್ಕದಲ್ಲಿ ನನ್ನ ಹೆಣ್ಣುಕುದುರೆ ಈಗ ಕಿವಿ ಹಿಂದಕ್ಕೆ ಮಾಡಿಯಾದರೂ ನಿಲ್ಲುತ್ತದೆ. ಅದು ಚಾಬೂಕಿನಿಂದ ಬಂದದ್ದಲ್ಲ. ಮೊದಲು ನಿಂತ ಟ್ರ್ಯಾಕ್ಟರನ್ನು, ಆಮೇಲೆ ದೂರದಲ್ಲಿ ಚಲಿಸುವುದನ್ನು, ಆಮೇಲೆ ಹತ್ತಿರದ್ದನ್ನು ತೋರಿಸುತ್ತ ಹೋದದ್ದರಿಂದ ಬಂದದ್ದು.

ಗಡಿಭಾಗದಲ್ಲಿ ಕುದುರೆ ಹೊಸದೇನೂ ಅಲ್ಲ. ಆಷಾಢದ ವಾರಿಯಲ್ಲಿ, ಅಂದರೆ ವಿಠ್ಠಲನ ಭಕ್ತರ ಪಾದಯಾತ್ರೆಯಲ್ಲಿ, ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಸಂತ ಜ್ಞಾನೇಶ್ವರರ ಪಾಲಖಿಯ (ಪಲ್ಲಕ್ಕಿಯ) ಕುದುರೆಗಳು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಮನೆತನದಿಂದ, ನಡೆದೇ ಹೋಗುತ್ತವೆ. ಅವುಗಳಲ್ಲಿ ಒಂದರ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಮಾವುಲಿಗಾಗಿ, ಅಂದರೆ ಜ್ಞಾನೇಶ್ವರರಿಗಾಗಿ, ಖಾಲಿ. ಸೊಲ್ಲಾಪುರ ಜಿಲ್ಲೆಯ ಬಯಲುಗಳಲ್ಲಿ ರಿಂಗಣದ, ಅಂದರೆ ಭಕ್ತರ ನಡುವೆ ನಡೆಯುವ ಕುದುರೆ ಓಟದ, ಹೊತ್ತಿಗೆ ಅವು ಓಡುವಾಗ, ಫಾಯದೆ ಏನೆಂದು ನನ್ನನ್ನು ಕೇಳುವ ಜನರೇ ಗೊರಸು ತುಳಿದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಇನ್ನು ಕುರಿಹಿಂಡಿನೊಡನೆ ಊರೂರು ಅಲೆಯುವ ಧನಗರರ ಗಂಟುಮೂಟೆ, ಕೋಳಿ, ನಡೆಯಲಾರದ ಕುರಿಮರಿಗಳನ್ನೆಲ್ಲ ಹೊರುವ ಚಿಕ್ಕ ಕುದುರೆಗಳನ್ನು ನಾವು ಬಹಳ ಕಾಲ ತಟ್ಟು ಎಂದು ಹಗುರವಾಗಿ ಕಂಡೆವು. ಭೀಮಥಡಿ ಎಂಬ ಹೆಸರಿನಲ್ಲಿ ಅವು ಈಗ ದೇಶದ ಅಧಿಕೃತ ಕುದುರೆ ತಳಿಗಳ ಪಟ್ಟಿ ಸೇರಿವೆ. ನನ್ನದೂ ಆ ಕಡೆಯ ರಕ್ತದ್ದೇ. ಮದುವೆ ಮೆರವಣಿಗೆಗೆ ಬೇಡಿಕೆಯಿರುವ ಬಿಳಿ ನುಕ್ರಾದ ಅಂದ ಅದಕ್ಕಿಲ್ಲ, ಆದರೆ ಬರಗಾಲದ ಮೇವಿನಲ್ಲಿ ನಿಲ್ಲುವ ತಾಳಿಕೆಯಿದೆ.

ಸೊಲ್ಲಾಪುರ ಜಿಲ್ಲೆಯ ಅಕಲೂಜದ ಕುದುರೆ ಬಜಾರಿಗೆ ಹೋಗುವ ಹುಮ್ಮಸ್ಸಿನ ಹುಡುಗರಿಗೆ ನಾನು ಹೇಳುವುದಿಷ್ಟು. ದಲ್ಲಾಳಿ ಕುತ್ತಿಗೆಯ ಮೇಲಿನ ಶುಭವೆನ್ನುವ ದೇವಮಣಿ ಸುಳಿಯನ್ನೂ, ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿರುವ ಪಂಚಕಲ್ಯಾಣಿಯ ಬಿಳುಪನ್ನೂ ತೋರಿಸುತ್ತಾನೆ. ಅವು ಬೆಲೆ ಏರಿಸುತ್ತವೆ, ಕುದುರೆಯ ಆರೋಗ್ಯದ ಬಗ್ಗೆ ಏನೂ ಹೇಳುವುದಿಲ್ಲ. ಗಟ್ಟಿ ನೆಲದ ಮೇಲೆ ನಡೆಸಿ ಕುಂಟು ನೋಡಬೇಕು, ನಾಲ್ಕೂ ಕಾಲು ಎತ್ತಿಸಬೇಕು, ಹಲ್ಲು ನೋಡಬೇಕು. ಐದು ವರ್ಷದವರೆಗೆ ಹಲ್ಲು ವಯಸ್ಸನ್ನು ಚೆನ್ನಾಗಿಯೇ ಹೇಳುತ್ತದೆ, ಆಮೇಲೆ ಅದು ಅಂದಾಜು. ಗ್ಲ್ಯಾಂಡರ್ಸ್ ರಕ್ತಪರೀಕ್ಷೆಯ ಕಾಗದವಿಲ್ಲದೆ ಹಣ ಕೊಡಬಾರದು: ಅದು ಮನುಷ್ಯರಿಗೂ ಅಂಟುವ ರೋಗ, ದೃಢಪಟ್ಟರೆ ಕುದುರೆಯನ್ನು ಸಾಯಿಸುವುದೇ ನಿಯಮ. ಒಂಟಿಯಾಗಿ ಕಟ್ಟುವುದಾದರೆ ಜೊತೆಗೊಂದು ಆಡನ್ನಾದರೂ ತರಬೇಕು. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ರೆಗೆ ಮಲಗಲೇಬೇಕು. ಕಾವಲಿಗೆ ಜೊತೆಯಿಲ್ಲದ ಕುದುರೆ ಮಲಗಲು ಹಿಂಜರಿಯುತ್ತದೆ.

ಎಲ್ಲಕ್ಕಿಂತ ಮೊದಲು ಮನೆಯವರನ್ನು ಕೇಳಬೇಕು. ಚೆನ್ನಾಗಿ ನೋಡಿಕೊಂಡ ಕುದುರೆ 25 ವರ್ಷ ದಾಟಿ ಬದುಕುತ್ತದೆ, ಅಷ್ಟೂ ವರ್ಷ ನೀವು ಮದುವೆಗೋ ಆಸ್ಪತ್ರೆಗೋ ಹೋದ ದಿನ ರಾತ್ರಿ ಮೇವು ಹಾಕುವವರು ಯಾರೆಂಬುದು ತೀರ್ಮಾನವಾಗಿರಬೇಕು. ನಮ್ಮಲ್ಲಿ ಅದು ನನ್ನ ಹೆಂಡತಿ. ಆಕೆ ಒಮ್ಮೆಯೂ ಕುದುರೆ ಹತ್ತಿದವಳಲ್ಲ, ಹತ್ತುವ ಮನಸ್ಸೂ ಇಲ್ಲ. ಹಾಗಿದ್ದರೂ ಕುದುರೆ ಕೆನೆದು ಕರೆಯುವುದು ಆಕೆಯ ಹೆಜ್ಜೆಯ ಸದ್ದಿಗೆ, ಜೀನು ಹೊತ್ತು ಬರುವ ನನ್ನದಕ್ಕಲ್ಲ.