ಹೊಸ ಬ್ಯಾಟರಿಯ ಮೊದಲ ಚಾರ್ಜಿಗೆ ಅವಸರ ಬೇಡ

ಬ್ಯಾಟರಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಡ್ರೈ ಚಾರ್ಜ್ಡ್, ಅಂದರೆ ಆಸಿಡ್ ಇಲ್ಲದೆ ಒಣಗಿಯೇ ಬರುವ, 100 ಆಂಪಿಯರ್-ಅವರ್ ಬ್ಯಾಟರಿಗೆ ಆಸಿಡ್ ತುಂಬಿ ಮೀಟರ್ ಹಿಡಿದೆ. 12.4 ವೋಲ್ಟ್ ಬಂತು. ಸಾಕು ಅಂದುಕೊಂಡು ಗಿರಾಕಿಗೆ ಕೊಟ್ಟುಬಿಟ್ಟೆ. ಐದು ತಿಂಗಳಿಗೆ ಅದು ವಾಪಸ್ ಬಂತು. ಐದು ಸೆಲ್‌ಗಳ ಗ್ರ್ಯಾವಿಟಿ (ನೀರಿಗಿಂತ ಆಸಿಡ್ ಎಷ್ಟು ಪಟ್ಟು ದಟ್ಟ ಎಂಬ ಅಂಕಿ, ಚಾರ್ಜ್ ಇಳಿದರೆ ಇದೂ ಇಳಿಯುತ್ತದೆ) 1.220ರ ಆಸುಪಾಸು, ಆರನೆಯದರಲ್ಲಿ ಅದನ್ನು ಅಳೆಯುವ ಹೈಡ್ರೋಮೀಟರಿನ ತೇಲು ಮೇಲೇಳಲೇ ಇಲ್ಲ. "ವೋಲ್ಟೇಜ್ ನೋಡಿದೆ ಸರಿ, ಗ್ರ್ಯಾವಿಟಿ ನೋಡಿದ್ಯಾ?" ಎಂದರು ನಮ್ಮ ಮೇಸ್ತ್ರಿ. ನೋಡಿರಲಿಲ್ಲ.

ಡ್ರೈ ಚಾರ್ಜ್ಡ್ ಪ್ಲೇಟುಗಳು ಕಾರ್ಖಾನೆಯಲ್ಲೇ ಚಾರ್ಜ್ ಆಗಿ ಬರುತ್ತವೆ, ನಿಜ. ಆದರೆ ಗೋದಾಮಿನಲ್ಲಿ ಕೂತಾಗ ಗಾಳಿ, ತೇವ ತಾಗಿ ನೆಗೆಟಿವ್ ಪ್ಲೇಟಿನ ಸೀಸ ಒಂದಿಷ್ಟು ಆಕ್ಸೈಡ್ ಆಗುತ್ತದೆ. ಆಸಿಡ್ ಬಿದ್ದಾಗ ಅದು ಸಲ್ಫೇಟ್ ಆಗುತ್ತದೆ. ಮೊದಲ ಚಾರ್ಜಿನಲ್ಲೇ ಅದನ್ನು ಕರಗಿಸದಿದ್ದರೆ ಗಟ್ಟಿ ಹರಳು ಕಟ್ಟಿ, ಪ್ಲೇಟಿನ ಅಷ್ಟು ಭಾಗ ದಂಡ.

ಈಗ ಆಸಿಡ್ ತುಂಬಿದ ಮೇಲೆ ಅರ್ಧ ಗಂಟೆಯಾದರೂ ಮುಟ್ಟುವುದಿಲ್ಲ. ಪ್ಲೇಟು, ಪ್ಲೇಟುಗಳ ನಡುವಿನ ಸೆಪರೇಟರ್ ಆಸಿಡ್ ಕುಡಿದುಕೊಂಡು ಮಟ್ಟ ಇಳಿಯುತ್ತದೆ. ಅದೇ ಗ್ರ್ಯಾವಿಟಿಯ ಆಸಿಡ್ ಹಾಕಿ ಸರಿಮಾಡುತ್ತೇನೆ. ಆಸಿಡ್ ಹಾಕುವುದು ಅದೇ ಕೊನೆ. ಆಮೇಲೆ ಜೀವಮಾನವಿಡೀ ಡಿಸ್ಟಿಲ್ಡ್ ವಾಟರ್ ಮಾತ್ರ, ಯಾಕೆಂದರೆ ಆವಿಯಾಗಿ, ಗ್ಯಾಸ್ ಆಗಿ ಹೋಗುವುದು ನೀರೇ.

100ರ ಬ್ಯಾಟರಿಗೆ 5 ಆಂಪಿಯರ್ ಇಟ್ಟು ನಿಧಾನಕ್ಕೆ ಚಾರ್ಜ್ ಮಾಡುತ್ತೇನೆ. ಕಿಟಕಿ ತೆರೆದಿರಬೇಕು, ಹತ್ತಿರ ಕಿಡಿ ಹಾರಬಾರದು. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ 4 ಸೇರಿದರೂ ಹೊತ್ತಿಕೊಳ್ಳುತ್ತದೆ. ಆಸಿಡ್ 45 ಡಿಗ್ರಿ ದಾಟಿದರೆ ಚಾರ್ಜರ್ ನಿಲ್ಲಿಸಿ ತಣಿಯಲು ಬಿಡುತ್ತೇನೆ. ಕೊನೆಕೊನೆಗೆ ಆರೂ ಸೆಲ್‌ಗಳಲ್ಲಿ ಸಣ್ಣಗೆ ಗುಳ್ಳೆ ಏಳುವ ಸದ್ದು ಕೇಳುತ್ತದೆ. ಒಂದರಲ್ಲಿ ಸದ್ದಿಲ್ಲದಿದ್ದರೆ ಮೊದಲು ಅದರ ಗ್ರ್ಯಾವಿಟಿ ನೋಡುತ್ತೇನೆ. ಗಂಟೆಗೊಮ್ಮೆ ತೆಗೆದ ಮೂರು ಗ್ರ್ಯಾವಿಟಿ ರೀಡಿಂಗ್ ಒಂದೇ ಬರುವವರೆಗೆ ಕ್ಲಿಪ್ ಬಿಚ್ಚುವುದಿಲ್ಲ. ಬಿಸಿ ಆಸಿಡ್ ಕಡಿಮೆ ತೋರಿಸುತ್ತದೆ, 10 ಡಿಗ್ರಿಗೆ ಸುಮಾರು 0.007, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಳಕೆಗೆ ಬಂದ ಮೇಲೆ ಹೆಚ್ಚಿನವರು ತಪ್ಪುವುದು ನೀರಿನ ವಿಷಯದಲ್ಲಿ. ಪ್ಲೇಟು ಬರಿದಾಗಿದ್ದರೆ ಮುಳುಗುವಷ್ಟು ಹಾಕಿ. ಇಲ್ಲದಿದ್ದರೆ ಪೂರ್ತಿ ಚಾರ್ಜ್ ಆದ ಮೇಲೆಯೇ ತುಂಬಿಸಿ, ಮೊದಲೇ ತುಂಬಿದರೆ ಉಕ್ಕಿ ಹೊರಬರುತ್ತದೆ. ಟರ್ಮಿನಲ್ ಮೇಲಿನ ಬಿಳಿ ಹುಡಿಯನ್ನು ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆಯುವಾಗ ಸೆಲ್ಲುಗಳ ಬಾಯಿಯ ವೆಂಟ್ ಪ್ಲಗ್ ಮುಚ್ಚಿರಲಿ. ಒರೆಸಿ ವ್ಯಾಸಲೀನ್ ಸವರಿ.

ಈಗ ನನ್ನ ಕೈಯಿಂದ ಹೋಗುವ ಪ್ರತಿ ಬ್ಯಾಟರಿಯ ಜೊತೆ ಆರು ಸೆಲ್‌ಗಳ ಗ್ರ್ಯಾವಿಟಿ ಬರೆದ ಚೀಟಿ ಇರುತ್ತದೆ. ಮುಂದೆ ದೂರು ಬಂದರೆ ಮೊದಲು ಕೇಳುವುದು ಆ ಚೀಟಿಯನ್ನೇ.