ನಡುವೆ ಒಂದು ಹೊಳೆ: ನನ್ನ ಆನ್‌ಲೈನ್ ಆಟದ ಲೋಕ, ಏಳನೇ ತಿಂಗಳು

ಈ ತಿಂಗಳು ಹೊಸದಾಗಿ ಸೇರಿಸಿದ್ದು ಒಂದೇ: ದೋಣಿ. ಏಳು ತಿಂಗಳಿಂದ ಕಟ್ಟುತ್ತಿರುವ ಈ ಲೋಕದಲ್ಲಿ ಜನ ಇದ್ದಾರೆ ಅಂತ ನನಗೆ ಮೊದಲ ಸಲ ಅನಿಸಿದ್ದು ಅದರಿಂದಲೇ.

ಹೋದ ತಿಂಗಳವರೆಗೆ ಮ್ಯಾಪ್ 512×512 ಟೈಲ್ (ಮ್ಯಾಪಿನ ಅತಿ ಚಿಕ್ಕ ತುಂಡು) ಇತ್ತು. ಕಾಡು, ಗುಡ್ಡ, ಗುಹೆ, ಎರಡು ಊರು. ಟೆಸ್ಟ್ ಮಾಡೋಕೆ ಬಂದ 12 ಗೆಳೆಯರು ಒಂದೂವರೆ ಗಂಟೆ ಆಡಿದರು. ಆಮೇಲೆ ಆಟದಲ್ಲಿ ನಡೆದದ್ದು ದಾಖಲಾಗುವ ಸರ್ವರ್ ಲಾಗ್ ತೆಗೆದು ನೋಡಿದೆ. ಒಬ್ಬರಿಗೆ ಇನ್ನೊಬ್ಬರು ಎದುರಾದದ್ದು ನಾಲ್ಕೇ ಸಲ. ಚಾಟ್‌ನಲ್ಲಿ ಬಂದದ್ದು ಒಂಬತ್ತು ಸಾಲು. ಅದರಲ್ಲಿ ಆರು ಸಾಲು "ಯಾರಾದ್ರೂ ಇದ್ದೀರಾ?" ಅನ್ನುವಂಥವು. ಓದಿ ಬೇಜಾರಾಯ್ತು. ಲೆಕ್ಕ ಹಾಕಿದರೆ ಒಬ್ಬೊಬ್ಬರ ಪಾಲಿಗೆ 21 ಸಾವಿರಕ್ಕೂ ಜಾಸ್ತಿ ಟೈಲ್ ಬರುತ್ತಿತ್ತು. ಇಷ್ಟು ಜಾಗದಲ್ಲಿ ಯಾರು ಯಾರಿಗೆ ಸಿಗ್ತಾರೆ?

ಮ್ಯಾಪನ್ನು 160×160ಕ್ಕೆ ಇಳಿಸಿದೆ. ಇಷ್ಟಪಟ್ಟು ಬರೆದ ಒಂದು ಇಡೀ ಗುಡ್ಡಸಾಲು ಹೋಯ್ತು. ಆದರೂ ಜಾಗ ಕಡಿಮೆ ಮಾಡಿದರಷ್ಟೇ ಸಾಲದು ಅಂತ ಗೊತ್ತಿತ್ತು. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಅನ್ನೋ ಆನ್‌ಲೈನ್ ಆಟದಲ್ಲಿ ಈಸ್ಟ್ ಕಾಮನ್‌ಲ್ಯಾಂಡ್ಸ್ ಅನ್ನೋ ಬಯಲಿನ ಸುರಂಗವೊಂದು ಹಲವು ಸರ್ವರ್‌ಗಳಲ್ಲಿ (ಅದೇ ಲೋಕದ ಬೇರೆ ಬೇರೆ ಪ್ರತಿಗಳಲ್ಲಿ) ಸಂತೆಯೇ ಆಗಿಬಿಟ್ಟಿತ್ತು. ಅಲ್ಲಿ ಅಂಗಡಿ ಹಾಕಿ ಅಂತ ಯಾರೂ ಹೇಳಿರಲಿಲ್ಲ. ಓಡಾಡುವ ದಾರಿಯಲ್ಲಿತ್ತು, ಜನ ತಾವಾಗಿಯೇ ನಿಂತರು. 2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ನಲ್ಲಿ ಇದನ್ನೇ ಬೇಕಂತಲೇ ಮಾಡಿದ್ದರು. ಯುದ್ಧದ ಆಯಾಸ ಕಳೆಯಬೇಕಾದರೆ ಕುಣಿಯುವ, ವಾದ್ಯ ನುಡಿಸುವ ಬೇರೆ ಆಟಗಾರರ ಮುಂದೆ ಹೋಗಿ ಕೂರಬೇಕಿತ್ತು. ಎರಡರಲ್ಲೂ ನನಗೆ ಕಂಡದ್ದು ಒಂದೇ. ಜನಕ್ಕೆ ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲೋಕೆ ಕಾರಣ ಬೇಕು.

ಹಾಗಾಗಿ ಎರಡು ಊರುಗಳ ನಡುವೆ ಹೊಳೆ ಹರಿಸಿದೆ. ಮೊದಲು ಸೇತುವೆ ಕಟ್ಟಿದ್ದೆ, ಎಲ್ಲರೂ ಅದರ ಮೇಲೆ ಓಡಿ ದಾಟಿಬಿಟ್ಟರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೇತುವೆ ಕಿತ್ತು ದೋಣಿ ಬಿಟ್ಟೆ. ಮೂರು ನಿಮಿಷಕ್ಕೊಂದು ದೋಣಿ ಇಟ್ಟಾಗ ಕೆಲವರು ಬೇರೆ ವಿಂಡೋಗೆ ಹೋಗಿ ಕೂತರು. ಅರ್ಧ ನಿಮಿಷಕ್ಕೆ ಇಳಿಸಿದಾಗ ಮಾತಾಡೋಕೆ ಹೊತ್ತೇ ಸಾಲಲಿಲ್ಲ. 90 ಸೆಕೆಂಡಿಗೆ ಸರಿ ಕೂತಿತು. ಆ ದಿನದ ಚಾಟ್ ಹೀಗಿದೆ:

"ಅಯ್ಯೋ, ಈಗಷ್ಟೇ ಹೋಯ್ತಾ?"
"ಹೂಂ. ಇನ್ನೊಂದು ನಿಮಿಷ ಬೇಕು."
"ಆ ಕಡೆ ಏನಿದೆ?"
"ಗುಹೆ. ನಾನು ಎರಡು ಸಲ ಸತ್ತೆ. ಒಬ್ಬರಿಂದ ಆಗಲ್ಲ."
"ನನ್ನ ಹತ್ರ ಹಗ್ಗ ಇದೆ. ಬರ್ಲಾ?"

ಇಬ್ಬರೂ ಒಂದೇ ದೋಣಿ ಹತ್ತಿದರು. ಇವರಿಗೆ ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಈ ಐದು ಸಾಲನ್ನು ಎಷ್ಟು ಸಲ ಓದಿದೆನೋ.

ಜನ ಒಂದೆಡೆ ಸೇರಿದ ಮೇಲೆ ಸರ್ವರ್‌ಗೆ ಕಷ್ಟ ಶುರುವಾಯ್ತು. ಒಬ್ಬರು ಒಂದು ಹೆಜ್ಜೆ ಇಟ್ಟರೆ ಅದನ್ನು ಸುತ್ತಲಿರುವ ಎಲ್ಲರಿಗೂ ತಿಳಿಸಬೇಕು. 12 ಜನ ಇದ್ದರೆ ಪ್ರತಿ ಟಿಕ್‌ಗೆ, ಅಂದ್ರೆ ಸರ್ವರ್ ಲೋಕವನ್ನು ಒಮ್ಮೆ ಅಪ್‌ಡೇಟ್ ಮಾಡುವ ಪ್ರತಿ ಸುತ್ತಿಗೆ, 132 ಸಂದೇಶ. 60 ಜನ ನಿಂತರೆ 3,540. ಜನ ಐದು ಪಟ್ಟಾದರೆ ಸಂದೇಶ ಸುಮಾರು 27 ಪಟ್ಟು. ಮ್ಯಾಪನ್ನು ಚೌಕಗಳಾಗಿ ಒಡೆದು ಅಕ್ಕಪಕ್ಕದ ಚೌಕಗಳಿಗೆ ಮಾತ್ರ ಸುದ್ದಿ ಕಳಿಸುವ ಉಪಾಯ ಬೇರೆ ಕಡೆ ಚೆನ್ನಾಗಿ ಕೆಲಸ ಮಾಡುತ್ತೆ. ದೋಣಿಕಟ್ಟೆಯಲ್ಲಿ ಎಲ್ಲರೂ ಒಂದೇ ಚೌಕದಲ್ಲಿರ್ತಾರಲ್ಲ, ಅಲ್ಲಿ ಉಪಯೋಗವಿಲ್ಲ. ಈವ್ ಆನ್‌ಲೈನ್ ಅನ್ನೋ ಆಟದಲ್ಲಿ ದೊಡ್ಡ ಯುದ್ಧ ನಡೆದಾಗ ಆಟದ ಕಾಲವನ್ನೇ ಮಾಮೂಲಿ ವೇಗದ ಶೇಕಡಾ 10ಕ್ಕೆ ಇಳಿಯುವವರೆಗೂ ನಿಧಾನ ಮಾಡ್ತಾರೆ. ನನಗೆ ಅಷ್ಟೆಲ್ಲ ಬೇಕಾಗಲಿಲ್ಲ. ಒಂದು ಟಿಕ್‌ನ ಸುದ್ದಿಯನ್ನೆಲ್ಲ ಒಂದೇ ಪ್ಯಾಕೆಟ್‌ನಲ್ಲಿ ಕಟ್ಟಿ ಕಳಿಸಿದೆ, ಸುಮ್ನೆ ನಿಂತವರ ಸುದ್ದಿ ಬಿಟ್ಟೆ. ಕಾಯುವವರು ಹೆಚ್ಚಾಗಿ ನಿಂತೇ ಇರ್ತಾರೆ ಅಲ್ವಾ, ಅದರಿಂದ ಹೊರೆ ಬಹಳ ಇಳಿಯಿತು.

ಇನ್ನೊಂದು ತೊಂದರೆ ದುಡ್ಡಿನದು. ಈ ದಡದ ಅಂಗಡಿಯಲ್ಲಿ ಹಗ್ಗ 8 ನಾಣ್ಯ. ಆ ದಡದ ಅಂಗಡಿ ಅದನ್ನೇ 14ಕ್ಕೆ ಕೊಳ್ಳುತ್ತೆ. ದೋಣಿ ಬಂದ ಎರಡೇ ದಿನದಲ್ಲಿ ಒಬ್ಬರು ಇದನ್ನು ಕಂಡುಕೊಂಡು 40 ಹಗ್ಗ ಹೊತ್ತು ಓಡಾಡೋಕೆ ಶುರು ಮಾಡಿದರು. 1980ರ ದಶಕದ ಹ್ಯಾಬಿಟ್ಯಾಟ್ ಅನ್ನೋ ಆನ್‌ಲೈನ್ ಲೋಕದಲ್ಲೂ ಹೀಗೇ ಆಗಿತ್ತು. ಒಂದು ಯಂತ್ರದಲ್ಲಿ 75 ಟೋಕನ್‌ಗೆ ಸಿಗುತ್ತಿದ್ದ ಗೊಂಬೆಯನ್ನು ಇನ್ನೊಂದು ಯಂತ್ರ 100ಕ್ಕೆ ಕೊಳ್ಳುತ್ತಿತ್ತು. ಕೆಲವರು ರಾತ್ರಿಯೆಲ್ಲ ಓಡಾಡಿ ಗೊಂಬೆ ಮಾರಿದರು, ಆಮೇಲೆ 18,000ದ ಗಾಜಿನ ಗೋಳವನ್ನು 30,000ಕ್ಕೆ ಮಾರಿದರು. ಬೆಳಗಾಗುವಷ್ಟರಲ್ಲಿ ಆ ಲೋಕದಲ್ಲಿದ್ದ ಒಟ್ಟು ಹಣ ಐದು ಪಟ್ಟಾಗಿತ್ತು.

ಎರಡೂ ಕಡೆ ಒಂದೇ ಬೆಲೆ ಇಟ್ಟರೆ ಸಮಸ್ಯೆ ಮುಗಿಯುತ್ತೆ. ಆದರೆ ಹೊಳೆ ದಾಟೋಕೆ ಇದ್ದ ಒಂದು ಕಾರಣವೂ ಅದರ ಜೊತೆ ಹೋಗುತ್ತೆ. ಹಾಗಾಗಿ ವ್ಯತ್ಯಾಸ ಉಳಿಸಿಕೊಂಡೆ. ಈಗ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ದಿನಕ್ಕೆ ಇಷ್ಟೇ ನಾಣ್ಯ ಅಂತ ಮಿತಿ ಇದೆ. ಒಂದೊಂದು ಹಗ್ಗ ಮಾರಿದ ಹಾಗೆಲ್ಲ ಬೆಲೆ ಇಳಿಯುತ್ತೆ. ದೋಣಿಗೆ 2 ನಾಣ್ಯ ಬಾಡಿಗೆ. ಆ ಬಾಡಿಗೆ ಯಾರ ಕೈಗೂ ಸೇರಲ್ಲ, ಲೋಕದಿಂದಲೇ ಹೊರಗೆ ಹೋಗುತ್ತೆ. ರಾಕ್ಷಸರನ್ನು ಕೊಂದಾಗ ಹೊಸ ನಾಣ್ಯ ಹುಟ್ಟುತ್ತಲೇ ಇರುತ್ತೆ, ಹರಿದು ಹೋಗೋಕೂ ಒಂದು ದಾರಿ ಇರಲೇಬೇಕು.

ಕಟ್ಟೆ ಮೇಲೂ ದೋಣಿಯಲ್ಲೂ ಕತ್ತಿ ಎತ್ತುವ ಹಾಗಿಲ್ಲ. ಕಾಯುತ್ತಾ ನಿಂತವರನ್ನು ಹೊಡೆಯುವುದು ಬಹಳ ಸುಲಭ. ಒಮ್ಮೆ ಹಾಗಾದರೆ ಯಾರೂ ಅಲ್ಲಿ ನಿಲ್ಲಲ್ಲ.

ಕಳೆದ ಟೆಸ್ಟ್‌ನಲ್ಲಿ ಒಬ್ಬರು ದೋಣಿ ಹತ್ತಲೇ ಇಲ್ಲ. ಇಡೀ ಹೊತ್ತು ಕಟ್ಟೆ ಮೇಲೆ ನಿಂತು, ಗುಹೆಯಿಂದ ಬಂದವರ ಹತ್ತಿರ ಹರಳು ಕೊಂಡು, ಹೊರಡುವವರಿಗೆ ಹಗ್ಗ ಮಾರಿದರು. ಆಟಗಾರರು ಆಟಗಾರರಿಗೆ ಮಾರುವ ವ್ಯವಸ್ಥೆಯನ್ನೇ ನಾನಿನ್ನೂ ಬರೆದಿಲ್ಲ. ಒಬ್ಬರು ಸಾಮಾನು ನೆಲಕ್ಕಿಡಬೇಕು, ಇನ್ನೊಬ್ಬರು ನಾಣ್ಯ ಇಡಬೇಕು, ಆಮೇಲೆ ಇಬ್ಬರೂ ಎತ್ತಿಕೊಳ್ಳಬೇಕು. ಒಬ್ಬರು ಮಾತ್ರ ಎತ್ತಿಕೊಂಡು ಓಡಬಹುದಿತ್ತು. ಲಾಗ್ ಪೂರ್ತಿ ನೋಡಿದೆ, 17 ವ್ಯಾಪಾರದಲ್ಲಿ ಯಾರೂ ಓಡಿಲ್ಲ.

ಮುಂದಿನ ತಿಂಗಳು ವ್ಯಾಪಾರದ ವಿಂಡೋ ಬರೆಯುತ್ತೇನೆ. ಇಬ್ಬರೂ ಒಪ್ಪಿದ ಮೇಲೆ ಸರ್ವರ್ ಒಂದೇ ಏಟಿಗೆ ಅದಲು ಬದಲು ಮಾಡಬೇಕು. ನೆಲಕ್ಕಿಟ್ಟು ಮಾರುವ ದಾರಿಯನ್ನೂ ಹಾಗೇ ಬಿಡ್ತೀನಿ.